ಮುಂದಕ್ಕೆ ಎಳೆದ ದವಡೆ, ಅಡ ಇಟ್ಟ ಬೆಳವಣಿಗೆ

ಭಾಗ 1

ಓದೋಕೆ ಮುಂಚೆ ಒಂದು ಕೆಲಸ ಮಾಡಿ. ಎರಡೂ ತೋರುಬೆರಳನ್ನ ಕಿವಿಯ ತೂತಿನ ಸ್ವಲ್ಪ ಮುಂದೆ ಒತ್ತಿ ಇಟ್ಕೊಳ್ಳಿ. ಈಗ ನಿಧಾನಕ್ಕೆ ಬಾಯಿ ತೆಗೀರಿ. ಬೆರಳ ಕೆಳಗೆ ಒಂದು ಗುಂಡು ಮೊದಲು ಅಲ್ಲೇ ತಿರುಗುತ್ತೆ, ಆಮೇಲೆ ಜಾರಿ ಮುಂದಕ್ಕೆ ಹೋಗುತ್ತೆ. ಬಾಯಿ ಮುಚ್ಚಿದ್ರೆ ವಾಪಸ್ ಬಂದು ಗುಳಿಯಲ್ಲಿ ಕೂರುತ್ತೆ. ಸಿಕ್ತಾ? ಅದೇ ನಿಮ್ಮ ದವಡೆ ಕೀಲು. ಕ್ಲಾಸಲ್ಲಿ ಓದ್ತಾ ಇದ್ರೆ ಇದನ್ನ ಮಾಡ್ಬೇಡಿ, ಲೆಕ್ಚರರ್ ತಪ್ಪು ತಿಳ್ಕೋತಾರೆ.

ಈ ಸಲದ ಸರಣಿ ಈ ಗುಂಡಿನ ಬಗ್ಗೆ. ಕೆಳದವಡೆಯನ್ನ ಮುಂದಕ್ಕೆ ಎಳೆದು ಹಿಡಿದ್ರೆ ಈ ಕೀಲಿಗೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ಸುಮಾರು ನೂರೈವತ್ತು ವರ್ಷದ ಇತಿಹಾಸ ಇದೆ. ಆ ಇತಿಹಾಸದಲ್ಲಿ ಕ್ಲೋರೋಫಾರ್ಮ್ ಇದೆ, ಕೋತಿ ಇದೆ, ಕೋರ್ಟ್ ಕೇಸ್ ಇದೆ. ನಮ್ಮ ಬಿಕಾಂನವರಿಗೆ ಖುಷಿ ಆಗೋ ಹಾಗೆ ಒಂದು ಸಾಲದ ಲೆಕ್ಕನೂ ಇದೆ.

ಬಿಕಾಂ ಓದೋಳಿಗೆ ಹಲ್ಲಿನ ಡಾಕ್ಟರ ವಿಷಯ ಯಾಕೆ ಅಂತ ಕೇಳ್ಬೋದು. ಎರಡು ಕಾರಣ. ಒಂದು, ನಮ್ಮ ವಯಸ್ಸಿನವರ ಫೋನಲ್ಲಿ ಈಗ ಹತ್ತು ರೀಲ್ ನೋಡಿದ್ರೆ ಒಂದಾದ್ರೂ ‘ಜಾಲೈನ್’ ಬಗ್ಗೆ ಇರುತ್ತೆ. ದವಡೆ ಮುಂದೆ ತನ್ನಿ, ಮುಖ ಬದಲಾಗುತ್ತೆ, ಇದನ್ನ ಕೊಳ್ಳಿ, ಅದನ್ನ ಕಚ್ಚಿ ಅಂತ. ಎರಡು, ಚನ್ನಪಟ್ಟಣದಲ್ಲಿರೋ ನಮ್ಮ ಚಿಕ್ಕಮ್ಮ ಫೋನ್ ಮಾಡಿ ನನ್ನನ್ನ ಒಂದು ಪ್ರಶ್ನೆ ಕೇಳಿದ್ರು, ಅದಕ್ಕೆ ಉತ್ತರ ಹುಡುಕ್ತಾ ಹೋಗಿ ಇಲ್ಲಿಗೆ ಬಂದೆ. ಅವರ ವಿಷಯ 8ನೇ ಭಾಗದಲ್ಲಿ ಬರುತ್ತೆ.

ಭಾಗ 2

ಈ ಫೋಟೋದಲ್ಲಿರೋದು ಚನ್ನಪಟ್ಟಣದ ಬೊಂಬೆ. ಆಲೆ ಮರ, ಅರಗಿನ ಬಣ್ಣ. ಇದರ ಕೈ ನೋಡಿ, ಒಂದು ಕಡ್ಡಿಯ ಮೇಲೆ ಗಿರಗಿರ ತಿರುಗುತ್ತೆ, ಅಷ್ಟೇ. ಮೊಣಕೈ ಕೂಡ ಹೆಚ್ಚುಕಮ್ಮಿ ಇದೇ ಥರ, ಬಾಗಿಲಿನ ಹಿಂಜಸ್ ಇದ್ದ ಹಾಗೆ.

ದವಡೆ ಕೀಲು ಹಂಗಲ್ಲ. ಅದು ಹಿಂಜಸ್ಸೂ ಹೌದು, ಮೇಜಿನ ಡ್ರಾ ಥರ ಜಾರೋದೂ ಹೌದು. ಕೆಳದವಡೆಯ ತುದಿಯಲ್ಲಿ ಒಂದು ಗುಂಡು, ಡಾಕ್ಟರುಗಳು ಕಾಂಡೈಲ್ ಅಂತಾರೆ. ತಲೆಬುರುಡೆಯಲ್ಲಿ ಅದಕ್ಕೊಂದು ಗುಳಿ. ಎರಡರ ಮಧ್ಯೆ ಮೆತ್ತನೆಯ ಒಂದು ತಟ್ಟೆ. ತಟ್ಟೆಯ ಕೆಳಗೆ ಗುಂಡು ತಿರುಗುತ್ತೆ, ತಟ್ಟೆಯನ್ನೂ ಜೊತೆಗೆ ಕರ್ಕೊಂಡು ಮುಂದಕ್ಕೆ ಜಾರುತ್ತೆ. ಗುಂಡಿನ ಹಿಂದೆ ನರ, ರಕ್ತನಾಳ ತುಂಬಿರೋ ಮೃದುವಾದ ಭಾಗ ಇದೆ. ದವಡೆ ಮುಂದೆ ಹೋದಾಗ ಅದು ಹಿಗ್ಗುತ್ತೆ. ಇನ್ನೊಂದು ವಿಶೇಷ: ಎಡಗಡೆ ಕೀಲು, ಬಲಗಡೆ ಕೀಲು ಬೇರೆ ಬೇರೆ ಆದ್ರೂ ಮೂಳೆ ಒಂದೇ. ಒಂದು ಕಡೆ ಅಲ್ಲಾಡಿಸಿದ್ರೆ ಇನ್ನೊಂದು ಅಲ್ಲಾಡಲೇಬೇಕು. ಜೋಡೆತ್ತಿನ ನೊಗ ಇದ್ದ ಹಾಗೆ.

ಗುಂಡಿನ ತಲೆಯ ಮೇಲೆ ತೆಳ್ಳಗೆ ಒಂದು ಪದರ ಮೃದ್ವಸ್ಥಿ ಇರುತ್ತೆ, ಕಿವಿಯ ಹಾಲೆಯನ್ನ ಗಟ್ಟಿ ಹಿಡಿದಿರೋ ವಸ್ತುವಿನ ಜಾತಿಗೇ ಸೇರಿದ್ದು. ಮಕ್ಕಳಲ್ಲಿ ಕೆಳದವಡೆ ಉದ್ದ ಆಗೋದು ಬಹಳ ಮಟ್ಟಿಗೆ ಇಲ್ಲಿಂದ. ಕಾಲಿನ ಮೂಳೆ ಉದ್ದ ಆಗೋ ಜಾಗ ಹೊರಗಿನ ಎಳೆತ ನೂಕುತಕ್ಕೆ ಅಷ್ಟಾಗಿ ಜಗ್ಗಲ್ಲ. ದವಡೆಯ ಈ ಪದರ ಮಾತ್ರ ಸ್ವಲ್ಪ ಮಾತು ಕೇಳುತ್ತೆ. ಎಷ್ಟು ಕೇಳುತ್ತೆ? ಮುಂದಿನ ಇಡೀ ಜಗಳ ಅದೇ.

ಭಾಗ 3

ಮೊದಮೊದಲು ದವಡೆ ಮುಂದಕ್ಕೆ ಎಳೆದಿದ್ದು ಅಂದಕ್ಕಲ್ಲ, ಉಸಿರಿಗೆ.

1847ರಲ್ಲಿ ಕ್ಲೋರೋಫಾರ್ಮ್ ಆಪರೇಷನ್ ಕೋಣೆಗೆ ಬಂತು. ರೋಗಿ ಮಲಗಿದ, ನೋವಿಲ್ಲ, ಎಲ್ಲಾ ಸರಿ. ಆದ್ರೆ ಪ್ರಜ್ಞೆ ತಪ್ಪಿದವನ ದವಡೆ ಸಡಿಲ ಆಗಿ ಹಿಂದಕ್ಕೆ ಬೀಳುತ್ತೆ, ಜೊತೆಗೆ ನಾಲಿಗೆ ಗಂಟಲಿಗೆ ಬೀಳುತ್ತೆ, ಉಸಿರು ನಿಲ್ಲುತ್ತೆ. ಆಗ ಚಿಮಟದಲ್ಲಿ ನಾಲಿಗೆ ಹಿಡಿದು ಹೊರಗೆ ಎಳೀತಿದ್ರು. ಕೇಳೋಕೇ ಮೈ ಜುಂ ಅನ್ನುತ್ತೆ. ನಾರ್ವೆಯ ಯಾಕೋಬ್ ಹೈಬರ್ಗ್ 1874ರಲ್ಲಿ ಬೇರೆ ದಾರಿ ಹೇಳಿದರು: ನಾಲಿಗೆ ಬಿಡಿ, ದವಡೆಯನ್ನೇ ಹಿಡಿದು ಮುಂದಕ್ಕೆ ತನ್ನಿ. ನಾಲಿಗೆ ದವಡೆಗೆ ಅಂಟಿಕೊಂಡಿದೆ, ಅದು ತಾನೇ ಹಿಂದೆ ಬರುತ್ತೆ. ಜರ್ಮನಿಯ ಎಸ್ಮಾರ್ಕ್ ಕೂಡ ಇದನ್ನೇ ಪ್ರಚಾರ ಮಾಡಿದ್ರಿಂದ ಇಬ್ಬರ ಹೆಸರೂ ಈ ಪಟ್ಟಿಗೆ ಅಂಟಿಕೊಂಡಿದೆ. ಇವತ್ತಿಗೂ ಮೈಸೂರು ರೋಡಲ್ಲಿ ಆಕ್ಸಿಡೆಂಟ್ ಆಗಿ ಪ್ರಜ್ಞೆ ಇಲ್ಲದೆ ಬಿದ್ದವರಿಗೆ, ಕತ್ತು ಅಲ್ಲಾಡಿಸದೆ ಉಸಿರಿನ ದಾರಿ ತೆರೆಯೋಕೆ ತರಬೇತಿ ಇರೋರು ಮಾಡೋದು ಇದನ್ನೇ. ಆಗ ಆ ಗುಂಡು ಗುಳಿಯಿಂದ ಜಾರಿ ಮುಂದೆ ನಿಲ್ಲುತ್ತೆ. ಕೈ ಬಿಟ್ರೆ ವಾಪಸ್.

ಕೈ ಬಿಡದೇ ಇದ್ರೆ? ತಿಂಗಳುಗಟ್ಟಲೆ ಹಾಗೇ ಹಿಡಿದಿಟ್ರೆ?

ಪ್ಯಾರಿಸ್ಸಿನ ಪಿಯರ್ ರಾಬಿನ್ ಅದಕ್ಕೆ ಕೈ ಹಾಕಿದರು. ಕೆಲವು ಮಕ್ಕಳು ಹುಟ್ಟುವಾಗಲೇ ಕೆಳದವಡೆ ತುಂಬಾ ಚಿಕ್ಕದಾಗಿರುತ್ತೆ, ನಾಲಿಗೆ ಹಿಂದೆ ಬಿದ್ದು ಉಸಿರಾಡೋಕೂ ಕಷ್ಟ, ಹಾಲು ಕುಡಿಯೋಕೂ ಕಷ್ಟ. ಈ ತೊಂದರೆಗೆ ಇವತ್ತೂ ಅವರದೇ ಹೆಸರು. ಅವರು 1902ರಲ್ಲಿ ವಿವರಿಸಿದ ‘ಮೊನೊಬ್ಲಾಕ್’ ಅನ್ನೋ ಒಂದೇ ತುಂಡಿನ ಸಾಧನ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡನ್ನೂ ಕಚ್ಚಿಸಿ ದವಡೆಯನ್ನ ಮುಂದೆ ಹಿಡಿದಿಡ್ತಿತ್ತು.

ಭಾಗ 4

ಅಂದಕ್ಕೂ ಹಲ್ಲಿಗೂ ಅಂತ ದವಡೆ ಮುಂದೆ ತಂದವರಲ್ಲಿ ಮೊದಲ ದೊಡ್ಡ ಹೆಸರು ನ್ಯೂಯಾರ್ಕಿನ ನಾರ್ಮನ್ ಕಿಂಗ್ಸ್ಲಿ. ಹಲ್ಲಿನ ಡಾಕ್ಟರ್, ಜೊತೆಗೆ ಶಿಲ್ಪಿ. 1879ರ ಹೊತ್ತಿಗೆ ಗಟ್ಟಿ ರಬ್ಬರಿನ ಒಂದು ಪ್ಲೇಟ್ ಮಾಡಿ, ಅದರಲ್ಲಿ ಇಳಿಜಾರು ಇಟ್ಟರು. ಬಾಯಿ ಮುಚ್ಚಿದ್ರೆ ಕೆಳಹಲ್ಲು ಆ ಇಳಿಜಾರಿನಲ್ಲಿ ಜಾರಿ ಮುಂದೆ ಬಂದು ಕೂರಲೇಬೇಕು. ಕಡಿತವನ್ನ ಹಿಂದಿನ ಜಾಗದಿಂದ ಮುಂದಕ್ಕೆ ಹಾರಿಸೋದು ಅಂತ ಅವರ ಲೆಕ್ಕ.

ನನಗೆ ಬಹಳ ಇಷ್ಟ ಆಗಿದ್ದು ಡೆನ್ಮಾರ್ಕಿನ ವಿಗ್ಗೋ ಆಂಡ್ರೆಸೆನ್ ಕಥೆ. 1908ರ ಸುಮಾರು. ಮಗಳಿಗೆ ಹಲ್ಲಿಗೆ ಕ್ಲಿಪ್ ಹಾಕಿದ್ರು. ಬೇಸಿಗೆ ರಜೆಗೆ ಊರಿಗೆ ಹೋಗೋಳು, ಅಲ್ಲಿ ಕ್ಲಿಪ್ ಮುರಿದ್ರೆ ಯಾರು ನೋಡ್ತಾರೆ ಅಂತ ತೆಗೆದು, ರಾತ್ರಿ ಮಾತ್ರ ಹಾಕ್ಕೊಳ್ಳೋ ಒಂದು ಸಡಿಲ ಪ್ಲೇಟ್ ಮಾಡಿಕೊಟ್ಟರು. ಉದ್ದೇಶ ಇದ್ದಿದ್ದು ಆಗಿದ್ದನ್ನ ಕಾಪಾಡೋದು ಮಾತ್ರ. ರಜೆ ಮುಗಿಸಿ ಬಂದಾಗ ನೋಡಿದ್ರೆ ಕಡಿತ ಇನ್ನೂ ಚೆನ್ನಾಗಿ ಕೂತಿತ್ತು! ಸ್ಪ್ರಿಂಗ್ ಇಲ್ಲ, ತಂತಿಯ ಎಳೆತ ಇಲ್ಲ, ಬರೀ ದವಡೆ ಮುಂದೆ ನಿಂತಿದ್ದಕ್ಕೆ. ಆಮೇಲೆ ಅವರು ಓಸ್ಲೋಗೆ ಹೋಗಿ, ಕಾರ್ಲ್ ಹಾಯ್ಪ್ಲ್ ಜೊತೆ ಸೇರಿ 1936ರಲ್ಲಿ ಇದರ ಮೇಲೆ ಒಂದು ಪುಸ್ತಕ ತಂದರು. ಆ ಸಾಧನಕ್ಕೆ ‘ಆಕ್ಟಿವೇಟರ್’ ಅಂತ ಹೆಸರು ಬಂತು.

ಆ ಕಾಲಕ್ಕೆ ಜರ್ಮನಿ ಕಡೆ ಒಂದು ನಂಬಿಕೆ ಬಲವಾಗಿತ್ತು. ಮೂಳೆಗೆ ಬೀಳೋ ಕೆಲಸಕ್ಕೆ ತಕ್ಕಂತೆ ಮೂಳೆ ತನ್ನನ್ನೇ ಬದಲಾಯಿಸಿಕೊಳ್ಳುತ್ತೆ ಅಂತ. ಯೂಲಿಯಸ್ ವೋಲ್ಫ್ 1892ರಲ್ಲಿ ಇದನ್ನ ನಿಯಮ ಅಂತಲೇ ಬರೆದಿದ್ರು. ದವಡೆಗೂ ಅದೇ ಅನ್ವಯಿಸಿದ್ರೆ ಮುಗೀತಲ್ಲ, ಮುಂದೆ ನಿಲ್ಲಿಸಿ, ಕೀಲು ಬೆಳೆದು ಆ ಜಾಗ ತುಂಬುತ್ತೆ! ಇದೇ ಆಸೆಯಲ್ಲಿ ಎಮಿಲ್ ಹರ್ಬ್ಸ್ಟ್ 1900ರ ದಶಕದಲ್ಲೇ ಇನ್ನೂ ಜೋರಾದ ಸಾಧನ ತಂದಿದ್ರು: ಮೇಲಿನ ದವಡೆ ಹಲ್ಲಿಗೂ ಕೆಳಗಿನದಕ್ಕೂ ಕೊಳವೆ, ಕಡ್ಡಿ ಜೋಡಿಸಿ, ಬೈಕಿನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ತೆಗೆಯೋ ಹಾಗಿಲ್ಲ, 24 ಗಂಟೆ. 1930ರ ದಶಕದ ನಂತರ ಅದನ್ನ ಜನ ಹೆಚ್ಚುಕಮ್ಮಿ ಮರೆತೇಬಿಟ್ರು.

ಭಾಗ 5

ಇಲ್ಲಿವರೆಗೂ ಎಲ್ಲಾ ನಂಬಿಕೆ. ಕೀಲಿನ ಒಳಗೆ ಏನಾಯ್ತು ಅಂತ ಯಾರೂ ನೋಡಿರಲಿಲ್ಲ. ನೋಡೋದಾದ್ರೂ ಹೇಗೆ, ಮಗುವಿನ ಕೀಲು ಕುಯ್ಯೋಕಾಗುತ್ತಾ?

ಅದಕ್ಕೇ ಕೋತಿ, ಇಲಿ. 1930ರ ಸುಮಾರಿಗೆ ವಿಯೆನ್ನಾದ ಬ್ರೈಟ್ನರ್ ಕೋತಿಗಳ ದವಡೆ ಮುಂದೆ ನಿಲ್ಲಿಸಿ, ಕೀಲನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗುಂಡಲ್ಲೂ ಬದಲಾವಣೆ, ಗುಳಿಯಲ್ಲೂ ಬದಲಾವಣೆ ಕಾಣಿಸ್ತು. 1960–70ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಅಲೆಕ್ಸಾಂಡ್ರ್ ಪೆಟ್ರೋವಿಚ್ ತಂಡ ಬೆಳೆಯೋ ಇಲಿಗಳ ದವಡೆ ಮುಂದೆ ಹಿಡಿದಿಟ್ಟಾಗ, ಗುಂಡಿನ ಮೃದ್ವಸ್ಥಿಯಲ್ಲಿ ಜೀವಕೋಶಗಳು ಹೆಚ್ಚು ಹೆಚ್ಚಾಗಿ ಹುಟ್ಟೋದು ಕಾಣಿಸ್ತು. ದವಡೆಯನ್ನ ಮುಂದಕ್ಕೆ ಎಳೆಯೋ ಒಂದು ಸಣ್ಣ ಸ್ನಾಯು ಇದೆ. ಅದನ್ನ ಕತ್ತರಿಸಿದ್ರೆ ಈ ಪರಿಣಾಮ ಕುಗ್ಗುತ್ತೆ ಅಂತಲೂ ಅವರು ಹೇಳಿದರು.

ಅಮೆರಿಕದ ಮಿಷಿಗನ್‌ನಲ್ಲಿ ಜೇಮ್ಸ್ ಮೆಕ್‌ನಮಾರ 1970ರ ದಶಕದಲ್ಲಿ ರೀಸಸ್ ಕೋತಿಗಳ ಮೇಲೆ ಇದನ್ನ ಮಾಡಿದರು. ಮರಿಕೋತಿಗಳಲ್ಲಿ ಕೆಲವೇ ವಾರದಲ್ಲಿ ಗುಂಡಿನ ಹಿಂಭಾಗ, ಮೇಲ್ಭಾಗದ ಮೃದ್ವಸ್ಥಿ ದಪ್ಪ ಆಗಿತ್ತು. ಒಳ್ಳೇ ಸುದ್ದಿ! ದೊಡ್ಡ ಕೋತಿಗಳಲ್ಲಿ ಆ ಪ್ರತಿಕ್ರಿಯೆ ತೀರಾ ಕಮ್ಮಿ.

ಈ ಚಿತ್ರಗಳು ಹಲ್ಲಿನ ಡಾಕ್ಟರುಗಳ ಪ್ರಪಂಚದಲ್ಲಿ ಎಷ್ಟು ಓಡಾಡಿರ್ಬೇಕು ಯೋಚ್ನೆ ಮಾಡಿ. ದವಡೆ ಬೆಳೆಸೋಕೆ ಆಗುತ್ತೆ ಅಂತ ಕಣ್ಣಿಗೆ ಕಾಣೋ ಪುರಾವೆ. 1979ರಲ್ಲಿ ಸ್ವೀಡನ್ನಿನ ಹಾನ್ಸ್ ಪಾಂಚರ್ಜ್ ಹರ್ಬ್ಸ್ಟ್ ಸಾಧನಕ್ಕೆ ಮತ್ತೆ ಜೀವ ಕೊಟ್ಟರು. ಅದಕ್ಕೆ ಎರಡು ವರ್ಷ ಮುಂಚೆ, 1977ರಲ್ಲಿ, ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಹತ್ರ ಸಹೋದ್ಯೋಗಿಯೊಬ್ಬರ ಮಗ ಬಂದಿದ್ದ. ಬಿದ್ದು ಮುಂದಿನ ಹಲ್ಲು ಬುಡಸಮೇತ ಕಿತ್ತು ಬಂದಿತ್ತು. ಹಲ್ಲನ್ನ ವಾಪಸ್ ಕೂರಿಸಿದ್ರೂ, ಕೆಳದುಟಿ ಮೇಲಿನ ಹಲ್ಲಿನ ಹಿಂದೆ ಸಿಕ್ಕಿಕೊಂಡು ಅದನ್ನ ತಳ್ತಾನೇ ಇತ್ತು. ದವಡೆ ಮುಂದೆ ತಂದ್ರೆ ತುಟಿ ಸರಿ ಕೂರುತ್ತೆ ಅಂತ ಕ್ಲಾರ್ಕ್ ಮೇಲೊಂದು ಕೆಳಗೊಂದು ಪ್ಲೇಟ್, ಎರಡರಲ್ಲೂ ಇಳಿಜಾರಾದ ದಿಮ್ಮಿ ಮಾಡಿದರು. ಅದೇ ಟ್ವಿನ್ ಬ್ಲಾಕ್. ನಮ್ಮ ಕಡೆ ಮಕ್ಕಳ ಬಾಯಲ್ಲಿ ಬಣ್ಣಬಣ್ಣದ ಪ್ಲೇಟ್ ನೋಡಿದ್ರೆ ಬಹಳ ಸಲ ಇದೇ ಇರುತ್ತೆ.

ಆದ್ರೆ ಒಂದು ಸಂಗತಿ. ಇಲಿ ಏನಾದ್ರೂ ಕಡಿಯುವಾಗ ದವಡೆಯನ್ನ ಮುಂದೆ ತರುತ್ತೆ, ಅಗಿಯುವಾಗ ಹಿಂದೆ ಒಯ್ಯುತ್ತೆ. ಅದರ ಕೀಲು ಹುಟ್ಟಿದ್ದೇ ಹಿಂದೆ ಮುಂದೆ ಓಡೋಕೆ. ಕೋತಿಗೆ ಸಾಧನ ಅಂಟಿಸಿಬಿಟ್ರೆ ಕೀಳೋಕಾಗಲ್ಲ. ಜೊತೆಗೆ ಆ ಕೋತಿಗಳ ದವಡೆ ಚಿಕ್ಕದಾಗೇನೂ ಇರಲಿಲ್ಲ, ಸರಿಯಾಗೇ ಇತ್ತು. ಏಳನೇ ಕ್ಲಾಸ್ ಹುಡುಗಿ ಇದ್ಯಾವುದೂ ಅಲ್ಲ. ಪ್ಲೇಟ್ ಬಿಚ್ಚಿ ಟಿಫನ್ ಬಾಕ್ಸಲ್ಲಿ ಇಡ್ತಾಳೆ.

ಭಾಗ 6

ಫೋಟೋದಲ್ಲಿರೋ ಚಂದ್ರಿಕೆ ಕನಕಪುರದ ನನ್ನ ಗೆಳತಿ ಮನೇದು. ದವಡೆಗೂ ಇದಕ್ಕೂ ಏನು ಸಂಬಂಧ ಅಂತೀರಾ, ಇದೆ.

ನಮ್ಮ ಕಡೆ ರೇಷ್ಮೆ ಮನೆಯವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಹುಳಕ್ಕೆ ನಾಲ್ಕು ಜ್ವರ. ಚಾಕಿ ಹುಳ ತಿನ್ನೋದು ಚೂರುಪಾರು. ನಾಲ್ಕನೇ ಜ್ವರ ಎದ್ದಮೇಲೆ ನೋಡಿ, ಹುಳ ಮನೇಲಿ ಮಳೆ ಬಂದ ಹಾಗೆ ಸದ್ದು. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಕೊನೇ ಏಳೆಂಟು ದಿನದಲ್ಲೇ ಖರ್ಚು. ಹುಳ ಹಣ್ಣಾದ ಮೇಲೆ ಬಂಗಾರದಂಥ ಸೊಪ್ಪು ಹಾಕಿದ್ರೂ ಮೂಸಲ್ಲ. ಅದು ಆಗ ಚಂದ್ರಿಕೆ ಹತ್ತಬೇಕು, ಗೂಡು ಕಟ್ಟಬೇಕು.

ದವಡೆಯ ಗುಂಡಿಗೂ ಒಂದು ನಾಲ್ಕನೇ ಜ್ವರ ಇದೆ. ಎತ್ತರ ಸರ್ರನೆ ಏರೋ ವಯಸ್ಸು ಬರುತ್ತಲ್ಲ, ಹುಡುಗೀರಿಗೆ ಸ್ವಲ್ಪ ಬೇಗ, ಹುಡುಗರಿಗೆ ಒಂದೆರಡು ವರ್ಷ ತಡ, ಆ ಹೊತ್ತಿನ ಆಸುಪಾಸಿನಲ್ಲೇ ಕೆಳದವಡೆಯೂ ಜೋರಾಗಿ ಬೆಳೆಯುತ್ತೆ. ಅದಕ್ಕೇ ಡಾಕ್ಟರು ವಯಸ್ಸು ಕೇಳಿ ಸುಮ್ನಿರಲ್ಲ, ಪಕ್ಕದಿಂದ ತಲೆಯ ಎಕ್ಸ್‌ರೇ ತೆಗೆಸ್ತಾರೆ. ಅದರಲ್ಲಿ ಕತ್ತಿನ ಮೂಳೆಗಳ ಆಕಾರ ನೋಡಿ ಬೆಳವಣಿಗೆ ಎಲ್ಲಿಗೆ ಬಂದಿದೆ ಅಂತ ಅಂದಾಜು ಮಾಡ್ತಾರೆ. ತಲೆ ಅಲ್ಲಾಡದ ಹಾಗೆ ಹಿಡಿದು, ಪ್ರತಿ ಸಲ ಅದೇ ಕೋನದಲ್ಲಿ ತೆಗೆಯೋ ಈ ಎಕ್ಸ್‌ರೇ ವಿಧಾನ 1931ರದ್ದು. ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್, ಇಬ್ಬರೂ ಒಂದೇ ವರ್ಷ. ಇದು ಬಂದಮೇಲೇ ‘ದವಡೆ ಬೆಳೀತು’ ಅನ್ನೋ ಮಾತನ್ನ ಮಿಲಿಮೀಟರಲ್ಲಿ ಅಳೆಯೋಕೆ ಆಗಿದ್ದು. ಅಳತೆ ಬಂದಮೇಲೆ ಜಗಳನೂ ಬಂತು.

ಭಾಗ 7

ಈಗ ನಮ್ಮ ಸಬ್ಜೆಕ್ಟ್.

ಪ್ಲೇಟ್ ಹಾಕಿದ ಮಕ್ಕಳ ದವಡೆ ಆ ಒಂದು ವರ್ಷ ಬೇರೆ ಮಕ್ಕಳಿಗಿಂತ ಸ್ವಲ್ಪ ಜೋರಾಗಿ ಬೆಳೆದ ಹಾಗೆ ಎಕ್ಸ್‌ರೇಲಿ ಕಾಣುತ್ತೆ. ಇದರಲ್ಲಿ ಹೆಚ್ಚು ತಕರಾರಿಲ್ಲ. ಆದ್ರೆ ನಾಲ್ಕೈದು ವರ್ಷ ಬಿಟ್ಟು ಅಳೆದ್ರೆ ಆ ಮುನ್ನಡೆ ಬಹುಪಾಲು ಕರಗಿ ಹೋಗಿರುತ್ತೆ, ಹಾಕದೇ ಇದ್ದೋರು ಹತ್ರ ಹತ್ರ ಅಲ್ಲಿಗೇ ಬಂದಿರ್ತಾರೆ. ಹೆಚ್ಚುವರಿ ಬೆಳವಣಿಗೆ ಎಲ್ಲಿ ಹೋಯ್ತು?

ಲೈಲ್ ಜಾನ್‌ಸ್ಟನ್ ಅಂತ ಅಮೆರಿಕದ ಪ್ರೊಫೆಸರ್ ಒಬ್ಬರು 1996ರಲ್ಲಿ ಒಂದು ಲೇಖನ ಬರೆದು, ಅದರ ತಲೆಬರಹದಲ್ಲೇ ‘ಅಡಮಾನ’ ಅನ್ನೋ ಪದ ಇಟ್ಟರು. ಅವರ ವಾದ ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ. ಪ್ಲೇಟ್ ಹಾಕಿದ ದಿನವೇ ದವಡೆ ಮುಂದೆ ಬಂತು, ಕನ್ನಡಿಯಲ್ಲಿ ಮುಖ ಬದಲಾಯ್ತು. ಆದ್ರೆ ಅದು ಸಂಪಾದನೆ ಅಲ್ಲ, ಸಾಲ. ಗುಂಡು ಗುಳಿ ಬಿಟ್ಟು ಮುಂದೆ ನಿಂತಿದೆ, ಹಿಂದೆ ಜಾಗ ಖಾಲಿ. ಆ ಖಾಲಿಯನ್ನ ತುಂಬೋದು ಯಾವುದು? ಮಗು ಹೇಗಿದ್ರೂ ಬೆಳೀಬೇಕಿದ್ದ ಬೆಳವಣಿಗೆಯೇ. ಮುಂದಿನ ವರ್ಷಗಳಲ್ಲಿ ಬರಬೇಕಿದ್ದ ಬೆಳವಣಿಗೆ ಕಂತು ಕಂತಾಗಿ ಆ ಸಾಲ ತೀರಿಸುತ್ತೆ, ಗುಂಡು ನಿಧಾನಕ್ಕೆ ಮತ್ತೆ ಗುಳಿಯಲ್ಲಿ ಕೂರುತ್ತೆ. ಸಾಲ ತೀರಿದ ದಿನ ದವಡೆಯ ಉದ್ದ ನೋಡಿದ್ರೆ ಸಾಲ ಮಾಡದೆ ಇದ್ದಿದ್ರೆ ಎಷ್ಟಿರ್ತಿತ್ತೋ ಸುಮಾರು ಅಷ್ಟೇ.

ಹಂಗಾದ್ರೆ ಪ್ಲೇಟ್ ದಂಡನಾ? ಅಲ್ಲ. ಇಲ್ಲೇ ಲೆಕ್ಕ ಚೆನ್ನಾಗಿರೋದು. ಸಾಮಾನ್ಯವಾಗಿ ಕೆಳದವಡೆ ಮುಂದೆ ಬೆಳೆದ್ರೂ ಮೇಲಿನದ್ದೂ ಜೊತೆಗೆ ಬೆಳೆಯುತ್ತೆ, ಹಲ್ಲುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರ್ತಾವೆ, ಅಂತರ ಹಾಗೇ ಉಳಿಯುತ್ತೆ. ಪ್ಲೇಟ್ ಇದ್ದಾಗ ಆ ಬೀಗ ಬಿಚ್ಚಿರುತ್ತೆ. ಮೇಲಿನ ಹಲ್ಲು ಸ್ವಲ್ಪ ಹಿಂದೆ, ಕೆಳಗಿನ ಹಲ್ಲು ಸ್ವಲ್ಪ ಮುಂದೆ ಸರಿಯುತ್ತೆ, ಮೇಲಿನ ದವಡೆಯ ಓಟಕ್ಕೂ ಸ್ವಲ್ಪ ತಡೆ. ಹಾಗಾಗಿ ಅದೇ ಬೆಳವಣಿಗೆ ವ್ಯರ್ಥ ಆಗದೆ ಕಡಿತ ಸರಿ ಮಾಡೋಕೆ ಖರ್ಚಾಗುತ್ತೆ. ಸಂಬಳ ಜಾಸ್ತಿ ಆಗಲಿಲ್ಲ, ಸಂಬಳ ಸರಿಯಾದ ಖಾತೆಗೆ ಬಿತ್ತು.

ಇದನ್ನ ಎಲ್ಲರೂ ಒಪ್ತಾರೆ ಅಂತಲ್ಲ. ಹಾಂಗ್‌ಕಾಂಗ್‌ನಲ್ಲಿ ಬಕ್ರ್ ರಬೀ ತಂಡ ಇಲಿಗಳಲ್ಲಿ ಗುಂಡಿನಲ್ಲೂ ಗುಳಿಯಲ್ಲೂ ಹೊಸ ಮೂಳೆ ಹುಟ್ಟೋದನ್ನ ತೋರಿಸಿದೆ, ಆ ಕಡೆಯವರು ಕೀಲಿನ ಶಕ್ತಿಯನ್ನ ಇನ್ನೂ ದೊಡ್ಡದಾಗೇ ನೋಡ್ತಾರೆ. ನನಗೇನೋ ಜಾನ್‌ಸ್ಟನ್ ಲೆಕ್ಕವೇ ಮಕ್ಕಳ ಅಳತೆಗೆ ಚೆನ್ನಾಗಿ ತಾಳೆ ಆಗುತ್ತೆ ಅನ್ಸುತ್ತೆ. ಬ್ಯಾಲೆನ್ಸ್ ಶೀಟ್ ಓದೋಳ ಪಕ್ಷಪಾತ ಅಂದ್ಕೊಳ್ಳಿ.

ಭಾಗ 8

ಚಿಕ್ಕಮ್ಮನ ಫೋನ್.

ಚಿಕ್ಕಮ್ಮನ ಮಗಳಿಗೆ ಹನ್ನೆರಡು ವರ್ಷ. ಮೇಲಿನ ಹಲ್ಲು ಮುಂದೆ, ಗದ್ದ ಹಿಂದೆ. ಸ್ಕೂಲಲ್ಲಿ ಏನೇನು ಅಂತಾರೆ ಅನ್ನೋದನ್ನ ಇಲ್ಲಿ ಬರೆಯಲ್ಲ, ನೀವೂ ಯಾರಿಗಾದ್ರೂ ಅಂದಿರ್ತೀರ. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋದು ಎರಡು ವರ್ಷದಿಂದ ನೋಡ್ತಾ ಇದೀನಿ. ಡಾಕ್ಟರು ಟ್ವಿನ್ ಬ್ಲಾಕ್ ಹಾಕೋಣ, ಆಮೇಲೆ ಕ್ಲಿಪ್ ಅಂದ್ರಂತೆ. ಪಕ್ಕದ ಮನೆಯವರು ಅದನ್ನ ಹಾಕಿಸಿದ್ರೆ ಕಿವಿ ಹತ್ರದ ಕೀಲು ಸವೆದು ಹೋಗುತ್ತೆ, ಜೀವಮಾನ ಪೂರ್ತಿ ನೋವು ಅಂತ ಹೆದರಿಸಿದ್ರಂತೆ. ಇನ್ನೊಬ್ಬರು, ಎಂಟು ವರ್ಷಕ್ಕೇ ಹಾಕಿಸಬೇಕಿತ್ತು, ತಡ ಮಾಡಿ ಮಗು ಬಾಳು ಹಾಳು ಮಾಡಿದ್ರಿ ಅಂದ್ರಂತೆ.

‘ನೀನು ಓದಿದೋಳು, ನೋಡಿ ಹೇಳವ್ವ’ ಅಂದ್ರು ಚಿಕ್ಕಮ್ಮ. ಬಿಕಾಂ ಓದೋಳು ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ.

ತಡ ಆಯ್ತು ಅನ್ನೋ ಮಾತಿಗೆ ಇತಿಹಾಸದಲ್ಲೇ ಉತ್ತರ ಇದೆ. ಬ್ರಿಟನ್ನಿನಲ್ಲಿ ಕೆವಿನ್ ಓಬ್ರಿಯನ್ ತಂಡ 8ರಿಂದ 10 ವರ್ಷದ 174 ಮಕ್ಕಳನ್ನ ತಗೊಂಡು, ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆಗಲೇ ಟ್ವಿನ್ ಬ್ಲಾಕ್, ಇನ್ನೊಂದು ಗುಂಪು ಕಾಯಬೇಕು. 2003ರಲ್ಲಿ ಮೊದಲ ಫಲಿತಾಂಶ ಬಂತು: ಮುಂದಿನ ಹಲ್ಲುಗಳ ಅಂತರ ಚೆನ್ನಾಗಿ ಕಮ್ಮಿ ಆಗಿತ್ತು, ಆದ್ರೆ ಬಹುಪಾಲು ಹಲ್ಲು ಸರಿದು ಆಗಿದ್ದು. ಮೂಳೆಯ ಪಾಲು ಚಿಕ್ಕದು, ಒಂದೆರಡು ಮಿಲಿಮೀಟರಿನ ಮಾತು. 2009ರಲ್ಲಿ ಅದೇ ಮಕ್ಕಳು ದೊಡ್ಡವರಾದ ಮೇಲೆ ನೋಡಿದ್ರೆ, ಬೇಗ ಹಾಕಿಸಿದವರಿಗೂ ಹದಿಹರೆಯದಲ್ಲಿ ಒಂದೇ ಸಲ ಮಾಡಿಸಿದವರಿಗೂ ಕೊನೆಗೆ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಬೇಗ ಶುರು ಮಾಡಿದವರು ಡಾಕ್ಟರ ಹತ್ರ ಓಡಾಡಿದ್ದು ಮಾತ್ರ ಜಾಸ್ತಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಟಲ್ಲಕ್, ಪ್ರೊಫಿಟ್ ಮಾಡಿದ ಪ್ರಯೋಗವೂ ಬೇರೆ ಸಾಧನ ಇಟ್ಕೊಂಡು ಇದೇ ಕಡೆಗೆ ಬಂದು ನಿಂತಿತು.

ಆದ್ರೂ ಬೇಗ ಹಾಕಿಸೋದರಲ್ಲಿ ಎರಡು ಲಾಭ ಕಂಡಿವೆ. ಮುಂದೆ ಚಾಚಿರೋ ಹಲ್ಲು ಬಿದ್ದು ಮುರಿಯೋದು ಕಮ್ಮಿ ಆಗುತ್ತೆ. ಆ ವಯಸ್ಸಿನಲ್ಲಿ ಮಗು ತನ್ನ ಬಗ್ಗೆ ತಾನು ಅಂದುಕೊಳ್ಳೋದು ಸ್ವಲ್ಪ ಸುಧಾರಿಸುತ್ತೆ, ಆಡಿಕೊಳ್ಳೋರ ಕಾಟ ಕಮ್ಮಿ ಆಗುತ್ತೆ. ಎರಡನೆಯದು ಸಣ್ಣ ಲಾಭ ಅಂತ ನಾನು ಒಪ್ಪಲ್ಲ. ಆದ್ರೆ ಹನ್ನೆರಡಕ್ಕೆ ಬಂದ್ರೆ ತಡ ಆಯ್ತು ಅನ್ನೋದು ಸುಳ್ಳು. ಅವಳಿಗೆ ಈಗ ನಾಲ್ಕನೇ ಜ್ವರದ ಹೊತ್ತು. ಹೋದ ವರ್ಷದ ಯೂನಿಫಾರ್ಮ್ ಈ ವರ್ಷ ಗಿಡ್ಡ ಆಗಿದೆ ಅಂತ ಚಿಕ್ಕಮ್ಮನೇ ಬೈತಾ ಇದ್ರು.

ಫೀಸ್ ವಿಷಯಕ್ಕೆ ಒಂದೇ ಮಾತು. ಬೆಂಗಳೂರಿನ ಕೋಟೆ ಹತ್ರ 1958ರಿಂದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ನಮ್ಮ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅಂತ ಹೆಸರು ಬಂದಿದೆ, ಬಾಯಲ್ಲಿ ಮಾತ್ರ ಇನ್ನೂ ರಾಮನಗರವೇ. ಇಲ್ಲಿಂದ ರೈಲು ಹತ್ತಿದ್ರೆ ಹೋಗಿ ಬರಬಹುದು. ತಿಂಗಳಿಗೊಂದು ಸಲ ಸ್ಕೂಲಿಗೆ ರಜೆ ಹಾಕಬೇಕಾಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕು.

ಭಾಗ 9

ಇನ್ನು ಕೀಲು ಸವೆಯುತ್ತೆ ಅನ್ನೋ ಭಯ. ಈ ಭಯಕ್ಕೂ ಒಂದು ಇತಿಹಾಸ ಇದೆ, ಅದು ಕೋರ್ಟಿನಿಂದ ಬಂದಿದ್ದು.

1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಬ್ಬ ಹುಡುಗಿ, ಹಲ್ಲು ಕಿತ್ತು ಕ್ಲಿಪ್ ಹಾಕಿದ್ರಿಂದ ದವಡೆ ಹಿಂದೆ ಹೋಗಿ ಕೀಲು ಹಾಳಾಯ್ತು ಅಂತ ಹಾಕಿದ್ದ ಕೇಸಲ್ಲಿ ಜ್ಯೂರಿ 8,50,000 ಡಾಲರ್ ಪರಿಹಾರ ಕೊಡಬೇಕು ಅಂತು. ಇಡೀ ಅಮೆರಿಕದ ಕ್ಲಿಪ್ ಡಾಕ್ಟರುಗಳು ಬೆಚ್ಚಿಬಿದ್ದರು. ದವಡೆ ಹಿಂದೆ ಹೋದ್ರೆ ಕೀಲಿಗೆ ಕೆಟ್ಟದ್ದು, ಮುಂದೆ ತಂದ್ರೆ ಒಳ್ಳೇದು ಅಂತ ಪ್ರಚಾರ ಮಾಡೋರಿಗೆ ಸುಗ್ಗಿ. ಗಾಬರಿಯಲ್ಲಿ ಡಾಕ್ಟರುಗಳ ಸಂಘವೇ ಸಂಶೋಧನೆಗೆ ದುಡ್ಡು ಹಾಕ್ತು. ಅಲ್ಲಿಂದ ಇಲ್ಲಿವರೆಗೆ ಬಂದ ಅಧ್ಯಯನಗಳ ಒಟ್ಟು ದಿಕ್ಕು ಏನಪ್ಪಾ ಅಂದ್ರೆ, ಸರಿಯಾಗಿ ಮಾಡಿದ ಕ್ಲಿಪ್ ಚಿಕಿತ್ಸೆ ಕೀಲು ನೋವನ್ನ ತರುತ್ತೆ ಅಂತಲೂ ಹೇಳೋಕಾಗಲ್ಲ, ಇದ್ದ ಕೀಲು ನೋವನ್ನ ವಾಸಿ ಮಾಡುತ್ತೆ ಅಂತಲೂ ಹೇಳೋಕಾಗಲ್ಲ. ಎರಡೂ ಕಡೆ ವ್ಯಾಪಾರ ಮಾಡೋರಿಗೆ ಬೇಜಾರಾಗೋ ಉತ್ತರ.

ಅಷ್ಟೊತ್ತಿಗೆ ಎಂಆರ್‌ಐ ಬಂತು. ಕುಯ್ಯದೇ ಕೀಲಿನ ಒಳಗೆ ನೋಡಬಹುದು, ಕೋತಿ ಬೇಡ. 1990ರ ದಶಕದ ಕೊನೆಗೆ ಜರ್ಮನಿಯಲ್ಲಿ ಸಬೀನೆ ರೂಫ್ ಮತ್ತು ಅದೇ ಪಾಂಚರ್ಜ್, ಹರ್ಬ್ಸ್ಟ್ ಸಾಧನ ಹಾಕಿದ ಹದಿಹರೆಯದವರ ಕೀಲನ್ನ ಮತ್ತೆ ಮತ್ತೆ ಎಂಆರ್‌ಐ ಮಾಡಿ ನೋಡಿದರು. ಶುರುವಿನಲ್ಲಿ ಗುಂಡು ಗುಳಿಯಿಂದ ಮುಂದೆ ನಿಂತಿತ್ತು. 6ರಿಂದ 12 ವಾರದೊಳಗೆ ಗುಂಡಿನ ಹಿಂದೆ, ಮೇಲೆ ಹೊಸ ಬೆಳವಣಿಗೆಯ ಗುರುತು ಕಾಣಿಸ್ತು, ಸ್ವಲ್ಪ ತಡವಾಗಿ ಗುಳಿಯ ಹಿಂಗೋಡೆಯಲ್ಲೂ ಕಾಣಿಸ್ತು. ಚಿಕಿತ್ಸೆ ಮುಗಿಯೋ ಹೊತ್ತಿಗೆ ಗುಂಡು ಮೊದಲಿನ ಜಾಗದಲ್ಲೇ ಕೂತಿತ್ತು. ಸವೆದಿರಲಿಲ್ಲ.

ಚಿಕ್ಕಮ್ಮನಿಗೆ ನಾನು ಹೇಳಿದ್ದು ಇಷ್ಟೇ. ಮೊದಲ ಒಂದೆರಡು ವಾರ ಕೆನ್ನೆ, ಕಿವಿ ಹತ್ರ ಬಿಗಿತ, ಸ್ವಲ್ಪ ನೋವು ಇರುತ್ತೆ, ಜೊಲ್ಲು ಸುರಿಯುತ್ತೆ, ಮಾತು ತೊದಲುತ್ತೆ. ಮುದ್ದೆ ನುಂಗೋದಲ್ವಾ, ಅದಕ್ಕೆ ತೊಂದರೆ ಇಲ್ಲ, ಚಕ್ಕುಲಿಗೆ ಕಷ್ಟ. ಆದ್ರೆ ಬಾಯಿ ತೆಗೆಯುವಾಗ ಸಿಕ್ಕಿಕೊಂಡ ಹಾಗೆ ಆದ್ರೆ, ನೋವು ವಾರಗಟ್ಟಲೆ ಹೋಗದೇ ಇದ್ರೆ, ಮುಂದಿನ ಅಪಾಯಿಂಟ್‌ಮೆಂಟ್ ವರೆಗೆ ಕಾಯದೆ ಡಾಕ್ಟರ ಹತ್ರ ಹೋಗಿ. ಶುರು ಮಾಡೋಕೆ ಮುಂಚೆನೇ ಕೀಲಲ್ಲಿ ಟಕ್ ಟಕ್ ಸದ್ದು, ನೋವು ಇದ್ರೆ ಅದನ್ನ ಮೊದಲೇ ಹೇಳಿ. ಡಾಕ್ಟರನ್ನ ಒಂದು ಪ್ರಶ್ನೆ ಕೇಳಿ: ಇವಳಿಗೆ ಇನ್ನೂ ಬೆಳವಣಿಗೆ ಎಷ್ಟು ಬಾಕಿ ಇದೆ? ಪ್ಲೇಟನ್ನ ಅವಳು ಹಾಕ್ಕೊಂಡ್ರೆ ಮಾತ್ರ ಪ್ಲೇಟು, ಡಬ್ಬೀಲಿದ್ರೆ ಪ್ಲಾಸ್ಟಿಕ್ಕು.

ಭಾಗ 10

ಈಗ ನಮ್ಮ ವಯಸ್ಸಿನವರ ವಿಷಯ. ಇಪ್ಪತ್ತು ದಾಟಿದೋರು.

ಸಾಲಕ್ಕೆ ಜಾಮೀನು ಬೇಕಲ್ವಾ, ಇಲ್ಲಿ ಜಾಮೀನು ಮುಂದಿನ ಬೆಳವಣಿಗೆ. ನಮ್ಮ ಹತ್ರ ಅದು ಹೆಚ್ಚುಕಮ್ಮಿ ಖಾಲಿ. ದವಡೆಯನ್ನ ಮುಂದೆ ಹಿಡಿದ್ರೆ ಗುಂಡು ಮುಂದೆ ನಿಲ್ಲುತ್ತೆ, ಬಿಟ್ರೆ ವಾಪಸ್. ಮಧ್ಯದಲ್ಲಿ ಒಂದು ವಿಚಿತ್ರ ಸ್ಥಿತಿ ಇದೆ. ಕೆಲವರಿಗೆ ದವಡೆ ಮುಂದೆ ಹಿಡಿಯೋ ಅಭ್ಯಾಸ ಬಿದ್ದುಬಿಡುತ್ತೆ, ಫೋಟೋ ತೆಗೆಯುವಾಗ, ಮದುವೆ ಮನೇಲಿ ಮುಂದೆ, ಮನೆಗೆ ಬಂದು ಊಟಕ್ಕೆ ಕೂತಾಗ ಹಿಂದೆ. ಇದಕ್ಕೆ ಕ್ಲಿಪ್ ಡಾಕ್ಟರುಗಳು ‘ಸಂಡೇ ಬೈಟ್’ ಅಂತ ಹೆಸರಿಟ್ಟಿದ್ದಾರೆ. ಭಾನುವಾರದ ಒಳ್ಳೇ ಬಟ್ಟೆ ಇದ್ದ ಹಾಗೆ, ತೋರಿಸೋಕೆ ಮಾತ್ರ. ರೀಲ್ಸಲ್ಲಿ ‘ಮೊದಲು’, ‘ಆಮೇಲೆ’ ಅಂತ ಎರಡು ಫೋಟೋ ನೋಡ್ತೀರಲ್ಲ, ‘ಆಮೇಲೆ’ ಫೋಟೋದಲ್ಲಿ ಗದ್ದ ಅರ್ಧ ಇಂಚು ಮುಂದೆ ಬಂದಿದ್ರೆ ಮೊದಲು ಇದನ್ನ ನೆನಪು ಮಾಡ್ಕೊಳ್ಳಿ. ಬೆಳವಣಿಗೆ ಮುಗಿದ ಮೇಲೆ ಮೂಳೆಯನ್ನೇ ಮುಂದೆ ತರಬೇಕು ಅಂದ್ರೆ ಆಪರೇಷನ್ನು, ಅದು ಬೇರೆಯದೇ ಕಥೆ. ಆನ್‌ಲೈನಲ್ಲಿ ಬರೋ ರಬ್ಬರ್ ತುಂಡಿನ ಕೈಲಿ ಆಗೋ ಕೆಲಸ ಅಲ್ಲ.

ಹಂಗಂತ ದೊಡ್ಡವರಿಗೆ ದವಡೆ ಮುಂದೆ ತರೋದರಿಂದ ಉಪಯೋಗವೇ ಇಲ್ಲ ಅಂತಲ್ಲ. ಉಸಿರಿನ ವಿಷಯಕ್ಕೆ ಮತ್ತೆ ಬಂದ್ವಿ ನೋಡಿ. ಮಾಗಡಿ ಬಸ್ಸಲ್ಲಿ ಗೊರಕೆ ಹೊಡೆಯೋ ಮಾವಂದಿರನ್ನ ನೋಡಿ ನಗ್ತೀವಿ. ಕೆಲವರಿಗೆ ಗೊರಕೆ ಮಧ್ಯೆ ಉಸಿರು ನಿಲ್ಲುತ್ತೆ, ರಾತ್ರಿಯಲ್ಲಿ ಎಷ್ಟೋ ಸಲ. ಹೈಬರ್ಗ್ ಕ್ಲೋರೋಫಾರ್ಮಿನಲ್ಲಿ ಕಂಡ ತೊಂದರೆಯೇ, ನಿದ್ದೆಯಲ್ಲಿ. 1980ರ ದಶಕದಿಂದ ಇವರಿಗೆ ರಾತ್ರಿ ಮಾತ್ರ ದವಡೆ ಮುಂದೆ ಹಿಡಿಯೋ ಪ್ಲೇಟ್ ಕೊಡೋದು ಶುರುವಾಯ್ತು. ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿ ಒತ್ತೋ ಯಂತ್ರ ಒಗ್ಗದವರಿಗೆ ಇದು ದೊಡ್ಡ ಆಸರೆ. ಇಲ್ಲಿ ಯಾರೂ ಕೀಲು ಬೆಳೆಯಲಿ ಅಂತ ಕಾಯ್ತಾ ಇಲ್ಲ. ಬೆಳೆಯದೇ ಇರೋದೇ ಒಳ್ಳೇದು, ಬೆಳಿಗ್ಗೆ ಅದು ವಾಪಸ್ ಹೋಗ್ಬೇಕು.

ಹೋಗುತ್ತಾ? ಬಹುತೇಕ ಹೋಗುತ್ತೆ. ಮೊದಮೊದಲು ಬೆಳಿಗ್ಗೆ ಎದ್ದಾಗ ಕೀಲು ಬಿಗಿ, ಹಿಂದಿನ ಹಲ್ಲು ಒಂದಕ್ಕೊಂದು ತಾಗಲ್ಲ, ಬಾಯಿ ಬೇರೆ ಯಾರದೋ ಅನ್ಸುತ್ತೆ. ದಿನ ಕಳೆದ ಹಾಗೆ ನೋವು ಸಾಮಾನ್ಯವಾಗಿ ಕಮ್ಮಿ ಆಗುತ್ತೆ, ಕೀಲಿಗೆ ದೊಡ್ಡ ಹಾನಿ ಆಗೋದು ಅಪರೂಪ. ಆದ್ರೆ ವರ್ಷಗಟ್ಟಲೆ ಹಾಕಿದವರಲ್ಲಿ ಹಲ್ಲು ನಿಧಾನಕ್ಕೆ ಸರಿದು ಕಡಿತ ಬದಲಾಗೋದು ಕಂಡುಬಂದಿದೆ. ಕೀಲು ತಾಳಿಕೊಂಡಿದ್ದಕ್ಕೆ ಹಲ್ಲು ಬಡ್ಡಿ ಕಟ್ಟುತ್ತೆ. ಅದಕ್ಕೇ ಡಾಕ್ಟರು ಬೆಳಿಗ್ಗೆ ಕಚ್ಚೋಕೆ ಒಂದು ಚಿಕ್ಕ ತುಂಡು ಕೊಟ್ಟು, ಸ್ವಲ್ಪ ಹೊತ್ತು ಕಚ್ಚಿ ದವಡೆಯನ್ನ ಹಳೇ ಜಾಗಕ್ಕೆ ಕೂರಿಸ್ಕೊಳ್ಳಿ ಅಂತಾರೆ. ಅದಾದ ಮೇಲೆ ತಟ್ಟೆ ಇಡ್ಲಿ.

ನಿಮ್ಮಲ್ಲಿ ಯಾರಾದ್ರೂ ಟ್ವಿನ್ ಬ್ಲಾಕ್ ಹಾಕಿಸಿದ್ರೆ ಮೆಸೇಜ್ ಮಾಡಿ, ಮೊದಲ ವಾರ ಹೇಗಿತ್ತು ಅಂತ. ಚಿಕ್ಕಮ್ಮನ ಮಗಳಿಗೆ ಅಳತೆ ತಗೊಂಡಿದ್ದಾರೆ, ಮುಂದಿನ ವಾರ ಪ್ಲೇಟ್ ಬರುತ್ತೆ. ಬಣ್ಣ ನೇರಳೆ ಬೇಕಂತೆ. ನನಗೆ ಆ ವಾರವೇ ಇಂಟರ್ನಲ್ಸ್, ಉತ್ತರ ತಡ ಆದ್ರೆ ಬೈಬೇಡಿ.